ಹಡಗಿನಲ್ಲಿ ನಿನ್ನ ತಟ್ಟೆ

ಲೋ ತಮ್ಮ,

ನಿದ್ದೆ ಬಂದ ಹಾಗೆ ನಾಟಕ ಆಡ್ತಿದ್ದೀಯ ಅಂತ ಗೊತ್ತು, ಅದಕ್ಕೇ ಎಬ್ಬಿಸಲಿಲ್ಲ. ಅಮ್ಮನ್ನ ಕರ್ಕೊಂಡು ಬಂದರಿಗೆ ಹೊರಟೆ. ಅಣ್ಣ ನೇರವಾಗಿ ಅಲ್ಲಿಗೇ ಬರ್ತಾನೆ. ಎರಡು ಗಂಟೆ ಮೇಲೆ ಹಡಗಿಗೆ ಯಾರನ್ನೂ ಹತ್ತಿಸ್ಕೊಳ್ಳಲ್ಲ.

"ಅವನು ಬಂದ್ರೆ ನಾನು ಬರಲ್ಲ" ಅಂತ ನಿನ್ನೆ ಕೂಗಾಡಿದೆಯಲ್ಲ, ಅದನ್ನ ಅಮ್ಮನ ಕಿವಿಗೆ ಹಾಕಿಲ್ಲ. ಹಾಕೋ ಹಾಗೆ ಮಾಡಬೇಡ.

ಇಸ್ತ್ರಿ ಬಟ್ಟೆ ಕುರ್ಚಿ ಮೇಲಿದೆ. ವಾಂತಿ ಮಾತ್ರೆ ಜೇಬಿಗೆ ಹಾಕ್ಕೋ, ಬಸ್ಸಲ್ಲೇ ಹೊಟ್ಟೆ ತೊಳೆಸಿಕೊಳ್ಳೋ ಶೂರ ನೀನು. ಗ್ಯಾಸ್ ಆಫ್ ಮಾಡು. ನಿನ್ನ ವೆಲ್ಡಿಂಗ್ ಶೆಡ್ಡಿನ ಬೀಗ ಎಳೆದು ನೋಡು.

ರಜೆಗೆ ಎಲ್ಲರೂ ಸೇರಿದಾಗಲೆಲ್ಲ ಇದೇ ಗೋಳು. ಅಣ್ಣ ಏನೋ ಒಂದು ಅಂತಾನೆ, ನೀನು ಅರ್ಧ ಊಟಕ್ಕೇ ಎದ್ದು ಬೈಕ್ ಹತ್ತಿ ಹೋಗ್ತೀಯ. ಅಮ್ಮ ನಿನ್ನ ತಟ್ಟೆ ಮುಚ್ಚಿಟ್ಟು ಬಾಗಿಲು ನೋಡ್ತಾ ಕೂರ್ತಾಳೆ, ತಾನೂ ಒಂದು ತುತ್ತು ಮುಟ್ಟಲ್ಲ. ನಮ್ಮನೇಲಿ ಯಾರೂ ಹಡಗು ಹತ್ತಿದವರಲ್ಲ, ಆದ್ರೂ ಈ ಸಲದ ರಜೆ ಹಡಗಲ್ಲೇ ಆಗಬೇಕು ಅಂತ ನಾನು ಹಠ ಹಿಡಿದದ್ದು ಇದಕ್ಕೇ.

ಅಲ್ಲೂ ಮುನಿಸ್ಕೊಂಡು ಎದ್ದು ಹೋಗು, ಬೇಡ ಅನ್ನಲ್ಲ. ಎಷ್ಟು ದೂರ ಹೋಗ್ತೀಯ? ಡೆಕ್ ಒಂದು ಸುತ್ತು ಹಾಕಿ ಅಮ್ಮನ ಮುಂದೇನೇ ಬಂದು ನಿಲ್ತೀಯ. ಊಟ ಇನ್ನೂ ಆರಿರಲ್ಲ.

— ಅಕ್ಕ