ಕರಪತ್ರದಲ್ಲಿದ್ದ ಒಂದು ಸುಳ್ಳು

ಕೆಲಗೇರಿ, ಧಾರವಾಡ
೧೧ ನವೆಂಬರ್ ೧೯೯೬, ಸೋಮವಾರ

ಪ್ರೀತಿಯ ಕಲ್ಲೇಶಣ್ಣಾ,

ಹುಸೇನಬಾಷಾ ಅಪಘಾತದಲ್ಲಿ ಸಾಯಲಿಲ್ಲ, ಅವನನ್ನು ಕೊಂದರು. ಪೊಲೀಸರ ಕಾಗದ ಏನೇ ಹೇಳಲಿ, ಇದು ಕೊಲೆ. ಮೊದಲು ನಿನ್ನ ಆರೋಗ್ಯ ಕೇಳಬೇಕಿತ್ತು, ತಪ್ಪಾಯಿತು. ಸೊಂಟನೋವು ಹೇಗಿದೆ? ಅತ್ತಿಗೆ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಹನುಮಪ್ಪನ ಲೋಡು ಹಾಕಿಕೊಂಡು ಸಾಂಗ್ಲಿಗೆ ಹೋದ ನೀನು ಒಂಬತ್ತು ದಿನವಾದರೂ ಬಂದಿಲ್ಲವೆಂದು ಅವಳು ಅಳುತ್ತಿದ್ದಾಳೆ. ನೀನು ಅಲ್ಲಿ ಯಾವಾಗಲೂ ಇಳಿಯುವ ಜಾಗದ ವಿಳಾಸ ಕೊಟ್ಟವಳೂ ಅವಳೇ.

ಎರಡನೇ ತಾರೀಖಿನ ಮಧ್ಯಾಹ್ನ ನಾನು ಕಮರಿಪೇಟೆಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಕಣ್ಣು ನೋಯಿತೆಂದು ಹೊಸ್ತಿಲಿಗೆ ಬಂದೆ, ಅಷ್ಟೇ. ಹುಸೇನಬಾಷಾ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಚೀಲ ಹೊತ್ತು ಬೆನ್ನು ಮುರಿದುಕೊಂಡ ಹಮಾಲರಿಗೆ ಔಷಧ ಕೊಡಿಸಿರಿ ಎಂದು ಅವರನ್ನು ದುಡಿಸುವ ಮುಕಾದಮ ಹನುಮಪ್ಪನ ಎದುರು ನಿಂತವನು ಇಡೀ ಊರಲ್ಲಿ ಅವನೊಬ್ಬನೇ. ನಂಬರಿಲ್ಲದ ಟೆಂಪೊ ಬಂದು ಗುದ್ದಿತು. ಅವನು ಎದ್ದು ಕೂತ. ಎದ್ದು ಕೂತಿದ್ದ, ಅಣ್ಣಾ! ಟೆಂಪೊ ನಿಂತಿತು. ಚಾಲಕನ ಪಕ್ಕದಲ್ಲಿದ್ದ ಹನುಮಪ್ಪ ತಿರುಗಿ ನೋಡಿ ಏನೋ ಕೂಗಿದ. ಟೆಂಪೊ ಹಿಂದಕ್ಕೆ ಬಂತು.

ಮರುದಿನವೇ ಕರಪತ್ರ ಅಚ್ಚು ಹಾಕಿದೆ: ‘ಕೊಲೆಯನ್ನು ನಾನು ಕಂಡಿದ್ದೇನೆ. ಹನುಮಪ್ಪ ಟೆಂಪೊದಲ್ಲಿದ್ದ. ಚಾಲಕನ ಮುಖ ಕಾಣಲಿಲ್ಲ.’ ಕೆಳಗೆ ನನ್ನ ಹೆಸರು, ಪ್ರೆಸ್ಸಿನ ವಿಳಾಸ. ಮಾಲಕ ಯಮನಪ್ಪ ಕಾಕಾ ಹಣೆ ಚಚ್ಚಿಕೊಂಡರು: ‘ಲೇ ಮಾಲತೇಶ, ಠಿಕಾಣಿ ಯಾಕ ಹಾಕ್ತೀಯೋ? ಇದೇನು ಮದಿವಿ ಕಾರ್ಡೇನು?’ ಮುದ್ರಕರ ಹೆಸರಿಲ್ಲದ ಕರಪತ್ರ ಹೇಡಿಯ ಮಾತು, ಕಾನೂನಿಗೂ ವಿರುದ್ಧ ಎಂದು ಹಟ ಹಿಡಿದೆ. ಹನುಮಪ್ಪನ ಆಳುಗಳು ಆ ವಿಳಾಸ ಓದಿಕೊಂಡೇ ಬಂದರು. ನಾನಿರಲಿಲ್ಲ. ಕಾಕಾನ ಬಲಗೈ ಬೆರಳುಗಳನ್ನು ಅಚ್ಚಿನ ಯಂತ್ರಕ್ಕೆ ಕೊಟ್ಟರು. ಆಸ್ಪತ್ರೆಯಲ್ಲಿ ಕಾಕಾ ಅಂದದ್ದು ಇಷ್ಟೇ: ‘ಹುಡುಗ ಡ್ರೈವರ್‌ನ ಗುರ್ತ ಹಿಡದಾನೇನು ಅಂತ ಕೇಳಿದ್ರೋ. ನಾ ಇಲ್ಲಂದೆ. ಖರೇನ ಹೌದಲ್ಲೋ?’

ಈಗ ಹುಸೇನಬಾಷಾನ ತಾಯಿ ಮದೀನಾಬಿ ತನ್ನ ತಂಗಿಯ ಮನೆಯಲ್ಲಿ ನನ್ನನ್ನು ಅಡಗಿಸಿಟ್ಟಿದ್ದಾಳೆ. ರೊಟ್ಟಿ ಹಾಕುತ್ತ, ‘ಉಣ್ಣೋ ನನ್ನಪ್ಪಾ, ಊರಾಗ ಖರೇ ಹೇಳಿದಾವ ನೀ ಒಬ್ಬನ’ ಅನ್ನುತ್ತಾಳೆ. ಆ ರೊಟ್ಟಿಯನ್ನು ನಾನು ಉಣ್ಣುತ್ತೇನೆ.

ನೀನು ಹುಷಾರಾಗಿರು. ಅತ್ತಿಗೆಗೆ ಎರಡು ಸಾಲಾದರೂ ಬರೆ.

ನಿನ್ನ ಹೆಗಲ ಮೇಲೆ ಕೂತು ಸಾಲೆಗೆ ಹೋದ ತಮ್ಮ,
ಮಾಲತೇಶ

ತಾ.ಕ.: ಕರಪತ್ರದಲ್ಲಿ ಒಂದು ಸುಳ್ಳಿದೆ. ಹಿಂದಕ್ಕೆ ಬರುವ ಮೊದಲು ಚಾಲಕನ ಕೈ ಹೊರಬಂದು ಟೆಂಪೊದ ಬಾಗಿಲನ್ನು ಎರಡು ಸಲ ತಟ್ಟಿತು, ಅಪ್ಪ ಎತ್ತನ್ನು ಹಿಂದೆ ಸರಿಸುವಾಗ ಅದರ ಪಕ್ಕೆ ತಟ್ಟುತ್ತಿದ್ದ ಹಾಗೆ. ಆಮೇಲೆ ನಿನ್ನ ಮುಖವನ್ನೂ ಕಂಡೆ. ಸುಮ್ಮನಿದ್ದವನೂ ಪಾಲುದಾರ ಎಂದು ಎಷ್ಟೋ ಪುಸ್ತಿಕೆಗಳಲ್ಲಿ ಓದಿದ್ದೆ, ಓದಿದ್ದು ಯಾವುದೂ ಕರಪತ್ರದ ಮೊಳೆ ಜೋಡಿಸುವಾಗ ಕೈಗೆ ಬರಲಿಲ್ಲ. ಹನುಮಪ್ಪ ನಿನ್ನನ್ನು ಉಳಿಸುವುದಿಲ್ಲ ಅಣ್ಣಾ. ಅವನು ಏನು ಕೂಗಿದನೆಂದು ಕೇಳಿಸಿಕೊಂಡವನು ನೀನೊಬ್ಬನೇ, ನ್ಯಾಯಾಧೀಶರ ಮುಂದೆ ನೀನೇ ಹೇಳು, ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಬರದಿದ್ದರೆ ಮೊದಲು ಮದೀನಾಬಿಗೆ, ಆಮೇಲೆ ಕೋರ್ಟಿಗೆ ನಾನೇ ಹೇಳುತ್ತೇನೆ. ಕೆಲಗೇರಿ ಕೆರೆಯ ದಂಡೆಯಲ್ಲಿ ಕಾಯುತ್ತಿರುತ್ತೇನೆ. ಹದಿನೆಂಟನೇ ತಾರೀಖು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ.