ಫೋಟೋ ಕಾಣದ ಮೇಲ್

ತಾಳ್ಯ
ಸೋಮವಾರ, ಮಧ್ಯಾಹ್ನ ಎರಡೂವರೆ

ದತ್ತು ಕೇಂದ್ರದ ಏಕನಾಥಮ್ಮ ಮೇಡಂ ಅವರಿಗೆ ಲತಾ ಮಾಡುವ ನಮಸ್ಕಾರ.

ಮಗುವಿನ ಬಗ್ಗೆ ನೀವು ಕಳಿಸಿದ ಮೇಲ್ ಶನಿವಾರವೇ ಬಂದಿದೆ. ನಮ್ಮ ಫೋನಿನಲ್ಲಿ ಮೇಲ್ ತೆರೆಯುವುದಿಲ್ಲವೆಂದು ಊರಿನ ಲೈಬ್ರರಿಯ ಹಳೇ ಕಂಪ್ಯೂಟರಿನಲ್ಲಿ ನೋಡಿದೆ. ಹೆಣ್ಣು, ಎರಡು ವರ್ಷ ಎಂಬುದಷ್ಟೇ ಓದಲಾಯಿತು. ಫೋಟೋ ಇರಬೇಕಾದ ಕಡೆ ಖಾಲಿ ಚೌಕವಿತ್ತು. ಒಪ್ಪಿಗೆಯ ಬಟನ್ ಕಾಣಲೇ ಇಲ್ಲ. ಅಕ್ಷರ ಚಿಕ್ಕದು ಮಾಡಿದೆ, ಬ್ರೌಸರ್ ಬದಲಿಸಿದೆ, ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಭಾನುವಾರ ಲೈಬ್ರರಿಗೆ ಬೀಗ. ಇವತ್ತು ಮೇಲ್ ಅನ್ನು ಸಾದಾ ರೂಪಕ್ಕೆ ಬದಲಿಸಿದಾಗ ಬಟನ್ ಬಂತು, ಫೋಟೋ ಬರಲಿಲ್ಲ. ಒಪ್ಪಿಗೆಗೆ ನೀವು ಕೊಟ್ಟ ಎರಡು ದಿನದ ಗಡುವಿಗೆ ಹತ್ತೇ ನಿಮಿಷ ಉಳಿದಿತ್ತು.

ಮುಖ ನೋಡದೆ ಹೇಗೆ ಒಪ್ಪುವುದೆಂದು ಕೇಳಿದೆ. ಕುರಿ ಬಿಟ್ಟು ಓಡಿ ಬಂದಿದ್ದ ನಮ್ಮ ಯಜಮಾನರು, "ಫೋಟೋ ನೋಡ್ಕಂಡು ಯಾರಾದ್ರೂ ಹೆರ್ತಾರೇನೇ? ಒತ್ತು" ಅಂದರು. ಒತ್ತಿದೆ. ಪರದೆ ಬೆಳ್ಳಗಾಗಿ ನಿಂತುಬಿಟ್ಟಿತು.

ನಮ್ಮ ಒಪ್ಪಿಗೆ ನಿಮಗೆ ತಲುಪಿತೋ ಇಲ್ಲವೋ ತಿಳಿಯುತ್ತಿಲ್ಲ. ನಿಮ್ಮ ಫೋನೂ ಸಿಗುತ್ತಿಲ್ಲ. ಅದಕ್ಕೇ ಈ ಪತ್ರ ಕೊಟ್ಟು ಯಜಮಾನರನ್ನೇ ನಿಮ್ಮಲ್ಲಿಗೆ ಚಿತ್ರದುರ್ಗದ ಬಸ್ ಹತ್ತಿಸುತ್ತಿದ್ದೇನೆ. ದಯವಿಟ್ಟು ಮಗುವನ್ನು ಬೇರೆಯವರಿಗೆ ತೋರಿಸಬೇಡಿ. ಅವಳ ಪಾದದ ಅಳತೆಯನ್ನು ಒಂದು ಹಾಳೆಯ ಮೇಲೆ ಬರೆದು ಇವರ ಕೈಲಿ ಕಳಿಸಿ. ಚಪ್ಪಲಿ ಕೊಳ್ಳಬೇಕು.

ಇಂತಿ,
ಲತಾ ಗಿರೀಶ್