ಟ್ಯಾಂಕಿಗೆ ಮೆತ್ತಿದ ಸೋಪು

ಅಪ್ಪಾ,

ಈ ವಾರ ನಿನ್ನ ಹಳೇ ಲಾರಿಯನ್ನು ಬಿಚ್ಚಿಸಿದೆ. ಸಿಟ್ಟು ನೆತ್ತಿಗೇರಿದೆ. ಎದುರು ನಿಲ್ಲಿಸಿ ಬೈಯೋಣವೆಂದರೆ ನೀನಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಡೀಸೆಲ್ ಟ್ಯಾಂಕಿನ ತಳದ ಸೀಳಿಗೆ ನೀನು ಮೆತ್ತಿದ್ದ ಬಟ್ಟೆ ಸೋಪು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ನಿನ್ನ ಹೆಬ್ಬೆರಳಿನ ಗುರುತು.

"ಯಾರಕ್ಕ ಈ ಡಾಕ್ಟ್ರು?" ಎಂದು ಮೆಕ್ಯಾನಿಕ್ ಬಿದ್ದು ಬಿದ್ದು ನಕ್ಕ.

"ನಮ್ಮಪ್ಪ" ಅಂದೆ. ಪಟ್ಟನೆ ಸ್ಪ್ಯಾನರ್ ಎತ್ತಿಕೊಂಡು ಲಾರಿಯಡಿಗೆ ನುಸುಳಿದ.

ಸದ್ಯಕ್ಕೆ ಸಾಕು ಅಂತ ಮೆತ್ತಿದ್ದೆಯಲ್ಲ, ನಿನ್ನ ಆ 'ಸದ್ಯಕ್ಕೆ'ಗೆ ಈಗ ಹನ್ನೊಂದು ವರ್ಷ! ಟ್ಯಾಂಕಿನ ತುಕ್ಕೆಲ್ಲ ಪಂಪಿಗಿಳಿದು, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳು ಕಟ್ಟಿಕೊಂಡು, ಏರು ಸಿಕ್ಕಾಗಲೆಲ್ಲ ಲಾರಿ ಕೆಮ್ಮುತ್ತಿತ್ತು. ಥೇಟ್ ನಿನ್ನ ಹಾಗೆ. ಎದೆ ಹಿಡಿದುಕೊಂಡ ದಿನವೂ ನೀನು ಮುಲಾಮು ತಿಕ್ಕಿಕೊಂಡು, "ಸದ್ಯಕ್ಕೆ ಇಷ್ಟು ಸಾಕು, ನೀನು ಲೋಡಿಗೆ ಹೊರಡಮ್ಮ" ಅಂದೆ.

ನಾನು ಹೊರಟೆ. ಲೋಡು ಇಳಿಸಿ ಬರುವಷ್ಟರಲ್ಲಿ ನೀನಿರಲಿಲ್ಲ.

ಇವತ್ತಿಗೆ ಹೊಸ ಟ್ಯಾಂಕು, ದೊಡ್ಡ ಪಂಪು, ಹೊಸ ನಾಝಲ್, ಪಿಸ್ಟನ್ ಎಲ್ಲ ಹಾಕಿಸಿದೆ. ಏರಿನಲ್ಲಿ ಎಳೆತ ಹೆಚ್ಚಲೆಂದು ಟರ್ಬೊವನ್ನೂ ಕೂರಿಸಿದೆ. ಕೊನೆಗೆ ಡೀಸೆಲ್ ಪೈಪಿನ ಒಂದು ಕ್ಲಿಪ್ ಸಿಗಲಿಲ್ಲವೆಂದು ಮೆಕ್ಯಾನಿಕ್ ಅಲ್ಲಿಗೆ ತಂತಿ ಸುತ್ತಿದ. "ಸದ್ಯಕ್ಕೆ ಸಾಕು ಬಿಡಕ್ಕ" ಅಂದ.

"ಬಿಚ್ಚೋ ಅದನ್ನ! ಈಗಲೇ ಬಿಚ್ಚು!"

ಶೆಡ್ಡಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು.

"ಒಂದು ತುಂಡು ತಂತಿಗೆ ಇಷ್ಟು ಕೂಗಾಡ್ತೀರಲ್ಲಕ್ಕ" ಎಂದು ಅವನು ಗೊಣಗಿದ.

ಇಷ್ಟು ಜೋರಾಗಿ ಕೂಗಲು ಬರುತ್ತದೆಂದು ನನಗೂ ಗೊತ್ತಿರಲಿಲ್ಲ, ಅಪ್ಪಾ.